ಅಜ್ಜಿ ಸತ್ತಿದ್ದನ್ನ ಬರಿ

ನನ್ನ ಅಜ್ಜಿ ತೀರಿಕೊಂಡಿದ್ದು 2007ರ ನವೆಂಬರಿನಲ್ಲಿ. ಅದಾಗಿ ಹನ್ನೊಂದು ವರ್ಷಕ್ಕೆ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ಸಿನಲ್ಲಿ, ಬಾಡಿಗೆ ಮನೆಯ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅವಳನ್ನು ಇನ್ನೊಂದು ಸಲ ಸಾಯಿಸೋಣವೇ ಬೇಡವೇ ಅಂತ ಯೋಚಿಸ್ತಾ ಕೂತಿದ್ದೆ.

ವಿಷಯ ಇಷ್ಟೇ. ನಾನು ಫಾರ್ಮ್.ಡಿ. ಕೋರ್ಸಿಗೆ ಅರ್ಜಿ ಹಾಕುತ್ತಿದ್ದೆ. ಅರ್ಜಿಯಲ್ಲಿ ಒಂದು ಖಾಲಿ ಡಬ್ಬಿ ಇತ್ತು. ನಿಮ್ಮ ಅಂಕಗಳ ಬಗ್ಗೆ ಆಯ್ಕೆ ಸಮಿತಿಗೆ ಏನಾದರೂ ವಿವರಿಸುವುದಿದ್ದರೆ ಇಲ್ಲಿ ವಿವರಿಸಿ, ಅಂತ. ಡಿಗ್ರಿಯಲ್ಲಿ ಚೆನ್ನಾಗಿ ಓದಿದವರು ಈ ಡಬ್ಬಿಯನ್ನು ನೋಡುವುದೂ ಇಲ್ಲ, ದಾಟಿಕೊಂಡು ಹೋಗುತ್ತಾರೆ. ನನ್ನಂಥವರಿಗೆ ಇಡೀ ಅರ್ಜಿಯಲ್ಲಿ ಕಾಣುವುದು ಅದೊಂದೇ. ನನ್ನ ಬಿ.ಫಾರ್ಮ್ ಅಂಕಪಟ್ಟಿಯನ್ನು ಇಲ್ಲಿನ ಲೆಕ್ಕಕ್ಕೆ ತಿರುಗಿಸಿದಾಗ ಬಂದ ಜಿಪಿಎ 2.6. ನಾಲ್ಕಕ್ಕೆ 2.6. ಎರಡನೇ ವರ್ಷ ಎರಡು ಸಬ್ಜೆಕ್ಟ್ ಹೋಗಿದ್ದವು, ಸಪ್ಲಿಮೆಂಟರಿಯಲ್ಲಿ ಎತ್ತಿಕೊಂಡಿದ್ದೆ. ಅದೂ ಪಟ್ಟಿಯಲ್ಲಿ ಒಂದೊಂದಾಗಿ ನಮೂದಾಗಿತ್ತು.

ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗಳಿಗೆ ಫೋನ್ ಮಾಡಿದೆ. ಅವಳು ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿದೆ, ಇಬ್ಬರು ಮಕ್ಕಳ ಕಾಲೇಜು ಅರ್ಜಿ ಬರೆಸಿದ ಅನುಭವ ಬೇರೆ. ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಸೆಕೆಂಡ್ ಇಯರಲ್ಲೇ ಅಲ್ವೇನೇ ಅಜ್ಜಿ ಹೋಗಿದ್ದು? ಅಜ್ಜಿ ಸತ್ತಿದ್ದನ್ನ ಬರಿ. ಇವರಿಗೆ ಅಂಥದ್ದು ಬೇಕು."

ಬರೆದೆ. ನಿಜ ಹೇಳ್ತೀನಿ, ಚೆನ್ನಾಗೇ ಬಂತು. ಹಾಸನ ಜಿಲ್ಲೆಯ ಹಳ್ಳಿ, ತೆಂಗಿನ ತೋಟ, ಓದು ಬರದ ಅಜ್ಜಿ, ಅವಳು ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟುಕೊಳ್ಳುತ್ತಿದ್ದ ಬಿ.ಪಿ. ಮಾತ್ರೆ, ಪರೀಕ್ಷೆಗೆ ಓದುತ್ತಿದ್ದ ಮೊಮ್ಮಗಳಿಗೆ ಬಂದ ಫೋನು. ಅಕ್ಕನಿಗೆ ಕಳಿಸಿದೆ. ಓದಿ ಅತ್ತಳಂತೆ. ಅದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ಅಜ್ಜಿ ಇದ್ದಳು, ಸೆರಗಿನ ಗಂಟು ಇತ್ತು, ಫೋನೂ ಬಂದಿತ್ತು. ಎರಡನೇ ವರ್ಷ ನಾನು ಫೇಲಾದದ್ದೂ ನಿಜ. ಎರಡು ನಿಜಗಳನ್ನು ಅಕ್ಕಪಕ್ಕ ಕೂರಿಸಿದ್ದೆ, ಅಷ್ಟೇ. ಒಂದರಿಂದ ಇನ್ನೊಂದು ಆಯಿತು ಅಂತ ನಾನು ಎಲ್ಲೂ ಬರೆದಿರಲಿಲ್ಲ. ಓದುವವರು ತಾವೇ ಜೋಡಿಸಿಕೊಳ್ಳುತ್ತಿದ್ದರು.

ಆದರೆ ಆ ನವೆಂಬರಿನಲ್ಲಿ ನಡೆದದ್ದು ಹೀಗೆ. ಅಜ್ಜಿಯ ಮಣ್ಣಿಗೆ ಹೋಗಿ ಮಾರನೇ ದಿನವೇ ಬೆಂಗಳೂರಿಗೆ ವಾಪಸ್ ಬಂದೆ. ಹನ್ನೊಂದನೇ ದಿನದ ತಿಥಿಗೆ ಹೋಗಲಿಲ್ಲ. ಅಪ್ಪನಿಗೆ "ಇಂಟರ್ನಲ್ಸ್ ಇದೆ" ಅಂದೆ. ಇಂಟರ್ನಲ್ಸ್ ಇರಲಿಲ್ಲ. ಪಿ.ಜಿ.ಯ ಗೆಳತಿಯರ ಜೊತೆ ಮಲ್ಟಿಪ್ಲೆಕ್ಸಿಗೆ ಹೋಗಿ ಮೂರನೇ ಸಲ 'ಮುಂಗಾರು ಮಳೆ' ನೋಡಿದೆ. ವರ್ಷ ಆಗುತ್ತಾ ಬಂದರೂ ಅದಿನ್ನೂ ಓಡುತ್ತಿತ್ತು. ಅಂದರೆ ಅವತ್ತು ಅಜ್ಜಿಯ ತಿಥಿ ತಪ್ಪಿಸಿಕೊಳ್ಳಲು ಪರೀಕ್ಷೆಯನ್ನು ನೆಪ ಮಾಡಿದ್ದೆ. ಈಗ ಪರೀಕ್ಷೆಗೆ ಅಜ್ಜಿಯನ್ನು ನೆಪ ಮಾಡುತ್ತಿದ್ದೆ.

ನೀವು ನಗಬಹುದು. ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಮ್ಯಾನೇಜರುಗಳು ಹೇಳುವ ಹಳೇ ಜೋಕೊಂದಿದೆಯಲ್ಲ, ನಮ್ಮ ಟೀಮಲ್ಲಿ ಒಬ್ಬೊಬ್ಬರಿಗೂ ಐದಾರು ಅಜ್ಜಿಯರು, ದೀಪಾವಳಿ ಹತ್ತಿರ ಬಂದರೆ ಒಬ್ಬೊಬ್ಬರೇ ತೀರಿಕೊಳ್ಳುತ್ತಾರೆ ಅಂತ. ಅಜ್ಜಿಯನ್ನು ಕೊಂದು ರಜೆ ತಗೊಳ್ಳದವರು ನಮ್ಮಲ್ಲಿ ಯಾರಿದ್ದಾರೆ. ನನ್ನ ಗಂಡನೂ ಅದನ್ನೇ ಹೇಳಿದ, ಇನ್ನೊಂದು ದಾರಿಯಲ್ಲಿ. "ಅವರು ಕೇಳ್ತಿರೋದು ನಿಜವನ್ನಲ್ಲ, ಕಥೇನ. ಇಂಟರ್ವ್ಯೂನಲ್ಲಿ ನಿಮ್ಮ ವೀಕ್ನೆಸ್ ಏನು ಅಂದಾಗ ನಾನು ಏನ್ ಹೇಳ್ತೀನಿ ಗೊತ್ತಾ? ಕೆಲಸ ಶುರು ಮಾಡಿದರೆ ನಿಲ್ಲಿಸೋಕೆ ಬರಲ್ಲ ಅಂತೀನಿ. ಅವರಿಗೂ ಗೊತ್ತು ಸುಳ್ಳು ಅಂತ. ನನಗೂ ಗೊತ್ತು ಅವರಿಗೆ ಗೊತ್ತು ಅಂತ. ಅದೊಂದು ಆಟ ಕಣೇ."

ಆಟ ಅನ್ನುವ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಎರಡೂ ಕಡೆಯವರಿಗೆ ನಿಯಮ ಗೊತ್ತಿದ್ದರೆ ಮೋಸ ಎಲ್ಲಿ ಬಂತು? ಆದರೆ ಈ ಡಬ್ಬಿಯ ನಿಯಮ ಎಲ್ಲರಿಗೂ ಗೊತ್ತಿಲ್ಲ ಅನ್ನುವುದೇ ತೊಂದರೆ. ರಾತ್ರಿಯೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಬೆಳಿಗ್ಗೆ ಕೆಮಿಸ್ಟ್ರಿ ಲ್ಯಾಬಿಗೆ ಬಂದು ಸಿ ಗ್ರೇಡ್ ತಗೊಂಡ ಹುಡುಗ ಇರುತ್ತಾನೆ. ಅವನು ಆ ಡಬ್ಬಿಯಲ್ಲಿ ಒಂದೇ ಸಾಲು ಬರೆಯುತ್ತಾನೆ, "ನಾನು ಕೆಲಸ ಮಾಡುತ್ತಿದ್ದೆ" ಅಂತ. ಅವನಿಗೆ ಸೆರಗಿನ ಗಂಟು ಬರೆಯಲು ಬರುವುದಿಲ್ಲ. ಅವನ ಅರ್ಜಿಯ ಪಕ್ಕ ನನ್ನದು ಕೂರುತ್ತದೆ. ಡಬ್ಬಿ ಇರುವುದು ಅವನಿಗಾಗಿ.

ಹಾಗಾದರೆ ನನ್ನ ಅಂಕ ಕಡಿಮೆಯಾದದ್ದು ಯಾಕೆ?

ನನಗೆ ಸಿಇಟಿಯಲ್ಲಿ ಮೆಡಿಕಲ್ ಸಿಗಲಿಲ್ಲ. ಡೆಂಟಲ್‌ಗೆ ದುಡ್ಡಿರಲಿಲ್ಲ. ಫಾರ್ಮಸಿ ಸಿಕ್ಕಿತು, ಸೇರಿಕೊಂಡೆ. ಸೇರಿದ ದಿನದಿಂದ ಅದನ್ನು ಕೀಳಾಗಿ ಕಂಡೆ. ಯಾರಾದರೂ ಏನು ಓದ್ತಿದ್ದೀಯಮ್ಮ ಅಂದರೆ ಬಾಯಲ್ಲೇ ಗೊಣಗುತ್ತಿದ್ದೆ. ಮೆಡಿಕಲ್ ಶಾಪ್ ಇಡ್ತೀಯಾ ಅಂತ ನೆಂಟರು ಕೇಳಿದಾಗ ಮೈಯೆಲ್ಲ ಉರಿಯುತ್ತಿತ್ತು. ಕ್ಲಾಸಿಗೆ ಹೋಗದೆ ಇರುವುದು ಒಂಥರಾ ಪ್ರತಿಭಟನೆ, ನಾನು ಇಲ್ಲಿಗೆ ಸೇರಿದವಳಲ್ಲ ಅಂತ ತೋರಿಸಿಕೊಳ್ಳುವ ದಾರಿ. ಯಾರಿಗೆ ತೋರಿಸುತ್ತಿದ್ದೆನೋ! ಎರಡು ವರ್ಷ ಮುನಿಸಿಕೊಂಡೇ ಕಳೆದೆ. ಆಮೇಲಿನ ಎರಡು ವರ್ಷ ಮುನಿಸು ಅಭ್ಯಾಸವಾಗಿತ್ತು. ಖಾಯಿಲೆ, ಬಡತನ, ಸಾವು ಯಾವುದೂ ಕಾರಣವಲ್ಲ. ಬರೀ ಕೊಬ್ಬು.

ಫಾರ್ಮಸಿ ಕಾಲೇಜಿನ ಅರ್ಜಿಯಲ್ಲಿ, ನಾನು ಫಾರ್ಮಸಿಯನ್ನು ಕೀಳಾಗಿ ಕಂಡಿದ್ದರಿಂದ ಫೇಲಾದೆ ಅಂತ ಬರೆಯುವುದು ಹೇಗೆ?

ಇಷ್ಟೆಲ್ಲ ಆದಮೇಲೂ ಯಾಕೆ ಅದನ್ನೇ ಓದಲು ಹೊರಟೆ ಅಂತ ನೀವು ಕೇಳಬಹುದು. ಮದುವೆಯಾಗಿ 2014ರಲ್ಲಿ ಇಲ್ಲಿಗೆ ಬಂದೆ, ಎಚ್4 ವೀಸಾ. ಮನೆಯಲ್ಲೇ ಕೂತು ಎರಡು ವರ್ಷ. ಆಮೇಲೆ ಕೆಲಸ ಮಾಡಲು ಪರವಾನಗಿ ಸಿಕ್ಕಿದಾಗ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿ ಟೆಕ್ನಿಶಿಯನ್ ಆದೆ, ಯಾಕೆಂದರೆ ಬೇರೆ ಏನೂ ಬರುತ್ತಿರಲಿಲ್ಲ. ಫಾರ್ಮಸಿಸ್ಟ್ ಆಗುವ ದಾರಿ ಮುಚ್ಚಿತ್ತು. ವಿದೇಶದಲ್ಲಿ ಓದಿದವರು ಇಲ್ಲಿ ಲೈಸೆನ್ಸ್ ಪಡೆಯಲು ಬರೆಯುವ ಅರ್ಹತಾ ಪರೀಕ್ಷೆಗೆ, 2003ರ ನಂತರ ಪದವಿ ಪಡೆದವರಾದರೆ, ಕನಿಷ್ಠ ಐದು ವರ್ಷದ ಕೋರ್ಸ್ ಮಾಡಿರಬೇಕು. ನಮ್ಮ ಬಿ.ಫಾರ್ಮ್ ನಾಲ್ಕು ವರ್ಷ. ಆ ಒಂದು ವರ್ಷದ ಕೊರತೆಗೆ ನನ್ನಂಥ ಎಷ್ಟೋ ಜನ ಬಿ.ಫಾರ್ಮ್‌ನವರು ಇಲ್ಲಿ ಬೇರೆ ಕೆಲಸಕ್ಕೆ ತಿರುಗಿಕೊಂಡಿದ್ದಾರೆ, ಇಲ್ಲವೇ ನಾಲ್ಕು ವರ್ಷದ ಫಾರ್ಮ್.ಡಿ.ಯನ್ನು ಮೊದಲಿನಿಂದ ಓದುತ್ತಾರೆ.

ಕೌಂಟರಿನ ಹಿಂದೆ ನಿಂತಾಗ ಒಂದು ವಿಚಿತ್ರ ಆಯಿತು. ತಟ್ಟೆಯ ಮೇಲೆ ಮಾತ್ರೆ ಸುರಿದು, ಚಪ್ಪಟೆ ಪಟ್ಟಿಯಲ್ಲಿ ಐದೈದಾಗಿ ಎಳೆದು ಎಣಿಸುವ ಕೆಲಸ. ಐದು, ಹತ್ತು, ಹದಿನೈದು. ನನಗದು ಹಿಡಿಸಿತು. ಹಿಡಿಸಿದ್ದಕ್ಕೆ ನಾಚಿಕೆಯೂ ಆಯಿತು. ಮೊದಲ ತಿಂಗಳಲ್ಲಿ ಒಮ್ಮೆ ಹೈಡ್ರಾಕ್ಸಿಜೀನ್ ತೆಗೆಯುವ ಬದಲು ಹೈಡ್ರಾಲಜೀನ್ ಡಬ್ಬ ತೆಗೆದೆ. ಒಂದು ತುರಿಕೆಗೆ ಕೊಡುವುದು, ಇನ್ನೊಂದು ರಕ್ತದೊತ್ತಡ ಇಳಿಸುವುದು. ಸ್ಕ್ಯಾನರ್ ಕೂಗಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಫಾರ್ಮಸಿಸ್ಟ್ ಬಂದು ನನ್ನ ಪಕ್ಕ ನಿಂತು "ಹೇಗಾಯಿತು?" ಅಂತ ಕೇಳಿದಾಗ ನಾನು ತಟ್ಟನೆ "ರಾತ್ರಿ ನಿದ್ದೆ ಇರಲಿಲ್ಲ, ಮನೆಯಲ್ಲಿ..." ಅಂತ ಶುರು ಮಾಡಿದೆ. ಆಕೆ ಕೈ ಎತ್ತಿ ನಿಲ್ಲಿಸಿದಳು. "ನಿನ್ನನ್ನು ಕ್ಷಮಿಸಬೇಕೋ ಬೇಡವೋ ಅಂತ ನಾನು ಕೇಳುತ್ತಿಲ್ಲ. ಹೇಗಾಯಿತು ಅಂತ ಕೇಳುತ್ತಿದ್ದೇನೆ." ಹೇಗಾಯಿತೆಂದರೆ, ಎರಡೂ ಡಬ್ಬ ಒಂದೇ ಸಾಲಿನಲ್ಲಿ ಪಕ್ಕಪಕ್ಕ ಇದ್ದವು, ನಾನು ಮೊದಲ ನಾಲ್ಕಕ್ಷರ ನೋಡಿ ಕೈಹಾಕಿದ್ದೆ. ಅವತ್ತು ಸಂಜೆಯೇ ಡಬ್ಬಗಳ ಜಾಗ ಬದಲಾಯಿತು.

ಒಹಾಯೋದಲ್ಲಿ ಈ ಕೆಲಸಕ್ಕೆ ಬಂದವರಿಗೆಲ್ಲ ಎಮಿಲಿ ಜೆರ್ರಿ ಅನ್ನುವ ಮಗುವಿನ ಕಥೆ ಗೊತ್ತಿರುತ್ತದೆ. 2006ರಲ್ಲಿ ಕ್ಲೀವ್‌ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ, ಎರಡು ವರ್ಷದ ಮಗು, ಕ್ಯಾನ್ಸರ್ ಚಿಕಿತ್ಸೆಯ ಕೊನೆಯ ಸುತ್ತು. ಕೀಮೋ ಔಷಧಿಯನ್ನು ಬೆರೆಸುವ ಉಪ್ಪಿನ ದ್ರಾವಣ ಶೇ. 1ಕ್ಕಿಂತ ಕಡಿಮೆ ಇರಬೇಕಾದದ್ದು ಶೇ. 23ಕ್ಕೂ ಹೆಚ್ಚಿತ್ತು. ಬೆರೆಸಿದ್ದು ಟೆಕ್ನಿಶಿಯನ್, ಪರೀಕ್ಷಿಸಿ ಸರಿ ಅಂತ ಒಪ್ಪಿದ್ದು ಫಾರ್ಮಸಿಸ್ಟ್. ಮಗು ಉಳಿಯಲಿಲ್ಲ. ಫಾರ್ಮಸಿಸ್ಟ್ ಜೈಲಿಗೆ ಹೋದರು, ಲೈಸೆನ್ಸ್ ಕಳೆದುಕೊಂಡರು. 2009ರಲ್ಲಿ ಒಹಾಯೋ ಆ ಮಗುವಿನ ಹೆಸರಿನಲ್ಲೇ ಟೆಕ್ನಿಶಿಯನ್‌ಗಳ ತರಬೇತಿ, ಅರ್ಹತೆಯ ಕಾನೂನು ಮಾಡಿತು.

ಅವತ್ತು ಅಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿರಲಿಲ್ಲ, ಜನ ಕಡಿಮೆ ಇದ್ದರು, ಕೆಲಸ ರಾಶಿ ಬಿದ್ದಿತ್ತು ಅಂತೆಲ್ಲ ಆಮೇಲೆ ವರದಿಯಾಯಿತು. ಇದನ್ನು ನೆಪ ಅನ್ನಬೇಕೋ ಕಾರಣ ಅನ್ನಬೇಕೋ ಅಂತ ನಾನು ತುಂಬ ದಿನ ತಲೆ ಕೆಡಿಸಿಕೊಂಡೆ. ನನಗೆ ಕೊನೆಗೆ ಹೊಳೆದದ್ದು, ಎರಡಕ್ಕೂ ವ್ಯತ್ಯಾಸ ಇರುವುದು ಅದು ನಿಜವೋ ಸುಳ್ಳೋ ಅನ್ನುವುದರಲ್ಲಿ ಅಲ್ಲ. ಹೇಳುತ್ತಿರುವುದು ಯಾರಿಗಾಗಿ ಅನ್ನುವುದರಲ್ಲಿ. ವಿವರಣೆ ಎರಡು ಕೆಲಸ ಮಾಡಬಲ್ಲದು. ಹೇಳಿದವನ ಮೇಲೆ ಕರುಣೆ ಹುಟ್ಟಿಸಬಹುದು, ಇಲ್ಲವೇ ಮುಂದಿನ ಮಗುವನ್ನು ಉಳಿಸಬಹುದು. ಎರಡೂ ಒಟ್ಟಿಗೆ ಆಗಬಹುದು, ಬೇಡ ಅನ್ನುವುದಿಲ್ಲ. ಆದರೆ ನಿಜವಾದ ಕಾರಣದ ಜಾಗದಲ್ಲಿ ಮನಕರಗುವ ಕಾರಣವನ್ನು ಕೂರಿಸಿದರೆ, ಕರುಣೆ ಸಿಗುತ್ತದೆ, ಡಬ್ಬ ಮಾತ್ರ ಅದೇ ಸಾಲಿನಲ್ಲಿ ಉಳಿಯುತ್ತದೆ. ಅಜ್ಜಿಯ ಪ್ರಬಂಧ ಓದಿ ಸಮಿತಿಯವರು ಏನು ತಿಳಿಯುತ್ತಿದ್ದರು? ಈ ಹುಡುಗಿಗೆ ದುಃಖ ಬಂದರೆ ಓದಲು ಆಗುವುದಿಲ್ಲ ಅಂತ. ಅದು ಸುಳ್ಳು. ನನಗೆ ದುಃಖದಲ್ಲಿ ಚೆನ್ನಾಗಿ ಓದಲು ಬರುತ್ತದೆ. ಒಂದು ಕೆಲಸ ನನಗಿಂತ ಕೆಳಗಿನದು ಅನ್ನಿಸಿದಾಗ ನಾನು ಅಪಾಯಕಾರಿ.

ಇಲ್ಲಿ ಇನ್ನೊಂದು ಹೇಳಬೇಕು. ಇದನ್ನು ನಾನು ಯಾವ ಅರ್ಜಿಯಲ್ಲೂ ಬರೆದಿಲ್ಲ.

ಬಿ.ಫಾರ್ಮ್ ಮುಗಿಸಿ 2011ರಲ್ಲಿ ಊರಿಗೆ ಹೋದೆ. ರಾಜ್ಯ ಫಾರ್ಮಸಿ ಕೌನ್ಸಿಲ್ಲಿನಲ್ಲಿ ನೋಂದಣಿಯೂ ಆಯಿತು. ಅಪ್ಪನ ಪರಿಚಯದವರೊಬ್ಬರ ಮೆಡಿಕಲ್ ಸ್ಟೋರ್ ಇತ್ತು. ಕಾನೂನಿನ ಪ್ರಕಾರ ಔಷಧಿ ಕೊಡುವ ಜಾಗದಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರಬೇಕು, 1948ರ ಫಾರ್ಮಸಿ ಕಾಯ್ದೆಯೇ ಅದನ್ನು ಹೇಳುತ್ತದೆ. ಅವರ ಹತ್ತಿರ ಇರಲಿಲ್ಲ. "ಸುಮ್ನೆ ಮನೇಲಿ ಕೂತಿರ್ತೀಯಲ್ಲಮ್ಮ, ನಿನ್ನ ಸರ್ಟಿಫಿಕೇಟ್ ಕೊಡು, ತಿಂಗಳಿಗೆ 3000 ಕೊಡ್ತೀನಿ, ಆವಾಗಾವಾಗ ಬಂದು ಸೈನ್ ಹಾಕು" ಅಂದರು. ನಮ್ಮಲ್ಲಿ ಇದು ಎಷ್ಟು ಮಾಮೂಲು ಅಂತ ಊರುಗಳಿಂದ ಬಂದ ನಿಮಗೆ ಗೊತ್ತು. ಮನೆ ಬಾಡಿಗೆಗೆ ಕೊಟ್ಟ ಹಾಗೆ ಸರ್ಟಿಫಿಕೇಟ್ ಬಾಡಿಗೆಗೆ ಕೊಡುವುದು. ಕೊಟ್ಟೆ. ಹನ್ನೊಂದು ತಿಂಗಳು ನನ್ನ ಹೆಸರು ಫ್ರೇಮಿನಲ್ಲಿ, ಗಣಪತಿ ಫೋಟೋದ ಪಕ್ಕ, ಆ ಗೋಡೆಯ ಮೇಲಿತ್ತು. ಕೌಂಟರಿನಲ್ಲಿದ್ದದ್ದು ಪಿಯುಸಿ ಫೇಲಾದ ಒಬ್ಬ ಹುಡುಗ. ಒಳ್ಳೇ ಹುಡುಗನೇ. ಔಷಧಿಯನ್ನು ಡಬ್ಬದ ಬಣ್ಣದಿಂದ ಗುರುತಿಡುತ್ತಿದ್ದ.

ಒಂದು ದಿನ ಸಹಿ ಹಾಕಲು ಹೋದಾಗ ಒಬ್ಬ ಮುದುಕಿ ಬಂದಿದ್ದಳು. ಇಬ್ಬರು ಡಾಕ್ಟರ ಎರಡು ಚೀಟಿ ಕೈಯಲ್ಲಿ. ಹುಡುಗ ಎರಡಕ್ಕೂ ಮಾತ್ರೆ ಕೊಟ್ಟ. ಬೇರೆ ಬೇರೆ ಕಂಪನಿಯ ಹೆಸರು, ಒಳಗಿದ್ದದ್ದು ಎರಡರಲ್ಲೂ ಗ್ಲಿಬೆನ್‌ಕ್ಲಮೈಡ್. ಸಕ್ಕರೆ ಇಳಿಸುವ ಮಾತ್ರೆ, ಎರಡರಷ್ಟು ನುಂಗಿದರೆ, ಅದರಲ್ಲೂ ವಯಸ್ಸಾದವರು ಊಟ ಬಿಟ್ಟಿದ್ದರೆ, ಸಕ್ಕರೆ ಪಾತಾಳಕ್ಕೆ ಹೋಗಿ ಪ್ರಜ್ಞೆ ತಪ್ಪಬಹುದು. ನಾನು ನೋಡಿದೆ. ಬಹುಶಃ ಅರ್ಧ ನಿಮಿಷ ನೋಡಿದೆ. ಆಮೇಲೆ ಆಕೆಯನ್ನು ನಿಲ್ಲಿಸಿ ಒಂದು ಪಟ್ಟಿ ವಾಪಸ್ ತಗೊಂಡೆನಾ? ತಗೊಳ್ಳಲಿಲ್ಲ. ಸರಿಯಾಗಿ ಜ್ಞಾಪಕ ಇರದ ಹಾಗೆ ನಟಿಸಬಹುದು, ಆದರೆ ಜ್ಞಾಪಕ ಇದೆ. ಇದು ನನ್ನ ಕೆಲಸ ಅಲ್ಲ ಅನ್ನಿಸಿತ್ತು. ಗೋಡೆಯ ಮೇಲೆ ನನ್ನದೇ ಹೆಸರಿದ್ದ ಅಂಗಡಿಯಲ್ಲಿ! ರಿಜಿಸ್ಟರಿಗೆ ಸಹಿ ಹಾಕಿ, ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋದೆ.

ಫಾರ್ಮಸ್ಯೂಟಿಕಲ್ ಕೆಮಿಸ್ಟ್ರಿಯಲ್ಲಿ ಫೇಲಾದದ್ದೂ ಆ ಅರ್ಧ ನಿಮಿಷವೂ ಒಂದೇ ಬೇರಿನಿಂದ ಬಂದದ್ದು. ಆದರೆ ಅಂಕಪಟ್ಟಿಯಲ್ಲಿ ಕಾಣುವುದು ಮೊದಲನೆಯದು ಮಾತ್ರ. ಅದಕ್ಕೆ ವಿವರಣೆ ಕೇಳುತ್ತಾರೆ. ಎರಡನೆಯದನ್ನು ಯಾವ ಸಮಿತಿಯೂ ಕೇಳಲಿಲ್ಲ, ಕೇಳಲು ಅದರ ಗುರುತೇ ಎಲ್ಲೂ ಇಲ್ಲ. ಶಿಸ್ತುಕ್ರಮ ಏನಾದರೂ ಆಗಿದೆಯೇ ಅನ್ನುವ ಪ್ರಶ್ನೆಗೆ ಇಲ್ಲ ಅಂತ ಗುರುತು ಹಾಕಿದೆ. ಆಗಿರಲಿಲ್ಲ.

ಕೊನೆಗೆ ಡಬ್ಬಿಯಲ್ಲಿ ಬರೆದದ್ದು ಆರು ಸಾಲು. ಡಾಕ್ಟರ್ ಆಗಬೇಕೆಂದಿದ್ದೆ, ಆಗಲಿಲ್ಲ, ಸಿಕ್ಕಿದ್ದನ್ನು ತಾತ್ಸಾರ ಮಾಡಿದೆ, ಅದಕ್ಕೇ ಅಂಕ ಹೀಗಿವೆ, ಬೇರೆ ಕಾರಣ ಇಲ್ಲ. ಈಗ ಕಮ್ಯುನಿಟಿ ಕಾಲೇಜಿನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು, ಅನಾಟಮಿಯನ್ನು ಮತ್ತೆ ಓದಿದ್ದೇನೆ, ಆ ಅಂಕಗಳನ್ನೂ ನೋಡಿ ಅಂತ. ಅಕ್ಕ ಓದಿ, "ನಿಂಗೆ ತಲೆ ಕೆಟ್ಟಿದೆ" ಅಂದಳು. ಅಜ್ಜಿಯ ಪ್ರಬಂಧವನ್ನು ಡಿಲೀಟ್ ಮಾಡಲಿಲ್ಲ, ಇನ್ನೂ ಇದೆ. ಅಜ್ಜಿಯ ಬಗ್ಗೆ ನಾನು ಬರೆದ ಒಂದೇ ಬರಹ ಅದು.

ಆರು ಕಡೆ ಹಾಕಿದ್ದೆ. ನಾಲ್ಕು ಕಡೆ ಇಲ್ಲ ಅಂದರು, ಒಂದು ಕಡೆ ಕಾಯುವ ಪಟ್ಟಿ, ಒಂದು ಕಡೆ ಸಂದರ್ಶನ. ಸಂದರ್ಶನದಲ್ಲಿ ಒಬ್ಬ ಹಿರಿಯ ಪ್ರೊಫೆಸರ್ ಆ ಆರು ಸಾಲಿನ ಮೇಲೆ ಬೆರಳಿಟ್ಟು, "ಈಗ ತಾತ್ಸಾರ ಹೋಗಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು?" ಅಂದರು. ಹೈಡ್ರಾಲಜೀನ್ ಡಬ್ಬದ ಕಥೆ ಹೇಳಿದೆ. ಮುದುಕಿಯ ಕಥೆ ನಾಲಿಗೆಯ ತುದಿಯಲ್ಲಿತ್ತು, ಹೇಳಲಿಲ್ಲ. 2019ರ ಆಗಸ್ಟಿನಲ್ಲಿ ಸೇರಿದೆ.

ಪ್ರಾಮಾಣಿಕತೆ ಗೆದ್ದಿತು ಅಂತ ಇದನ್ನು ಯಾರಾದರೂ ಓದಿಕೊಂಡರೆ ಕಷ್ಟ. ನನಗೆ ಸೀಟು ಸಿಕ್ಕ ಕಾಲ ಎಂಥದ್ದು ಅಂತಲೂ ನೋಡಬೇಕು. ಅಮೆರಿಕದಲ್ಲಿ 2000ದ ಹೊತ್ತಿಗೆ ಸುಮಾರು ಎಂಬತ್ತು ಇದ್ದ ಫಾರ್ಮಸಿ ಕಾಲೇಜುಗಳು ಎರಡು ದಶಕದಲ್ಲಿ 140 ದಾಟಿದವು. ಅದೇ ಹೊತ್ತಿಗೆ ಅರ್ಜಿ ಹಾಕುವವರು ಕಡಿಮೆಯಾಗುತ್ತಾ ಬಂದರು. ಪ್ರವೇಶ ಪರೀಕ್ಷೆ ಪಿಕ್ಯಾಟ್ ಕೂಡ 2024ರ ಜನವರಿಗೆ ನಿಂತೇ ಹೋಯಿತು. ನನ್ನ ಪಶ್ಚಾತ್ತಾಪಕ್ಕೆ ಬಾಗಿಲು ತೆರೆಯಿತೋ, ಖಾಲಿ ಕುರ್ಚಿಗೆ ತೆರೆಯಿತೋ, ನನಗೆ ತಿಳಿಯುವ ದಾರಿ ಇಲ್ಲ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ನಾಲ್ಕು ವರ್ಷದ ಫೀಸು ಒಂದು ಲಕ್ಷ ಡಾಲರ್ ದಾಟುತ್ತದೆ. ಇತ್ತೀಚಿನ ವರ್ಷಗಳಲ್ಲಿ ಲೈಸೆನ್ಸ್ ಪರೀಕ್ಷೆಯನ್ನು ಮೊದಲ ಸಲ ಬರೆಯುವವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಫೇಲಾಗುತ್ತಿದ್ದಾರೆ. ಕಡಿಮೆ ಅಂಕದವರನ್ನು ಒಳಗೆ ಬಿಟ್ಟುಕೊಳ್ಳುವುದು ಯಾವಾಗಲೂ ದಯೆಯೇ ಅಂತ ಹೇಳಲು ನನ್ನ ಬಾಯಿ ಬರುವುದಿಲ್ಲ. ನನ್ನ ಜೊತೆ ಸೇರಿದ ಇಬ್ಬರು ಎರಡನೇ ವರ್ಷದಲ್ಲೇ ಬಿಟ್ಟುಹೋದರು, ಸಾಲ ಅವರ ಜೊತೆ ಹೋಯಿತು. ನನ್ನ ವಿಷಯದಲ್ಲಿ ಅದು ದಯೆಯಾಗಿತ್ತು ಅಂತ ಅಂದುಕೊಳ್ಳಲು ನನಗೆ ಅನುಕೂಲವಿದೆ, ಅಷ್ಟೇ.

ಇನ್ನೊಂದು ಅನುಮಾನವೂ ಇದೆ. ಆ ಆರು ಸಾಲು ಬರೆಯುವಾಗ ನನಗೆ ಒಳಗೊಳಗೇ ಗೊತ್ತಿತ್ತು, ಎಲ್ಲರೂ ಅಜ್ಜಿಯರನ್ನು ಬರೆಯುವ ಕಡೆ ಒಬ್ಬಳು ಕೊಬ್ಬು ಅಂತ ಬರೆದರೆ ಎದ್ದು ಕಾಣುತ್ತದೆ ಅಂತ. ನಿಜ ಹೇಳುವುದೂ ಒಂದು ಜಾಣತನ ಆಗಿಬಿಡಬಹುದು. ಹೇಳಲು ಸುಲಭವಾದ ನಿಜವನ್ನು ಮುಂದಿಟ್ಟು, ಕಷ್ಟದ ನಿಜವನ್ನು ಅದರ ಹಿಂದೆ ಬಚ್ಚಿಟ್ಟೆ. ಅಕ್ಕನ ಸಲಹೆಗಿಂತ ನಾನು ಮಾಡಿದ್ದು ಎಷ್ಟು ಮೇಲು? ಸ್ವಲ್ಪ ಮೇಲು ಅಂತ ಇವತ್ತಿಗೂ ಅನ್ನಿಸುತ್ತೆ. ತುಂಬ ಅಲ್ಲ.

ಈಗ ನಾನು ಫಾರ್ಮಸಿಸ್ಟ್. ಹೋದ ತಿಂಗಳು ನಮ್ಮ ಟೆಕ್ನಿಶಿಯನ್ ಹುಡುಗಿಯೊಬ್ಬಳು ತನ್ನ ಅರ್ಜಿ ತೋರಿಸಿದಳು. ಜಿಪಿಎ 2.5. ಡಬ್ಬಿಯ ತುಂಬ ಅವಳ ತಾತನ ಸಾವು, ಚೆನ್ನಾಗಿ ಬರೆದಿದ್ದಳು. ಅದು ನಿಜವಾದ ಕಾರಣವಾ ಅಂತ ಕೇಳಬೇಕೆನ್ನಿಸಿತು. ನಿಜವೇ ಆಗಿದ್ದರೆ? ಕೇಳಿದ್ದೇ ಅವಮಾನ ಆಗುತ್ತಿತ್ತು. ಒಂದೆರಡು ವಾಕ್ಯ ತಿದ್ದಿ ಕೊಟ್ಟೆ, ಆಮೇಲೆ ಹೈಡ್ರಾಲಜೀನ್ ಡಬ್ಬದ ಕಥೆ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ಮಾರನೇ ದಿನ, "ಇನ್ನೊಂದು ಸಲ ಬರೀತಿದ್ದೀನಿ" ಅಂದಳು. ಏನು ಬರೆದಳೋ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವಾಗ ಆ ಮೆಡಿಕಲ್ ಸ್ಟೋರಿನ ಬಗ್ಗೆ ಕೇಳಿದೆ. ಹತ್ತು ವರ್ಷದಲ್ಲಿ ಮೊದಲ ಸಲ.

"ಚೆನ್ನಾಗ್ ನಡೀತಿದೆ ಕಣಮ್ಮ. ಕಂಪ್ಯೂಟರ್ ಹಾಕಿಸಿದಾರೆ, ಗಾಜಿನ ಬಾಗಿಲು ಮಾಡಿಸಿದಾರೆ. ಆ ಹುಡುಗನೇ ಇನ್ನೂ ನೋಡ್ಕೊಳ್ತಾನೆ."

"ಗೋಡೆ ಮೇಲೆ ಯಾರ ಸರ್ಟಿಫಿಕೇಟ್ ಇದೆ ಅಪ್ಪ ಈಗ?"

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಯಾರೋ ಹುಡುಗೀದು. ನಮ್ಮೂರವಳಲ್ಲ" ಅಂದರು.